ಕಥೆ ಬರೆಯಲು ಕೂತರೆ ಕಥೆ ಬರೆಯುವ ಆ್ಯಪ್ ಹುಟ್ಟುತ್ತದೆ, ನಿಮಗೂ ಹೀಗೇನಾ?

ಅರೆಬರೆ:
ಕೆಲಸಕ್ಕೆ ಬ್ಯಾಕೆಂಡ್ ಕೋಡ್ ಬರೆಯುತ್ತೇನೆ. ಅದರ ಬಗ್ಗೆ ದೂರಿಲ್ಲ. ದೂರು ಇರುವುದು ಸಂಜೆಯ ಬಗ್ಗೆ. ಕಥೆ ಬರೆಯಬೇಕು, ಸಣ್ಣದೊಂದು ಗೇಮ್ ಮಾಡಬೇಕು ಅಂತ ಕೂರುತ್ತೇನೆ. ಮೊದಲು ಎಡಿಟರ್‌ನ ಬಣ್ಣ ಬದಲಾಗುತ್ತದೆ. ಆಮೇಲೆ ಫಾಂಟ್. ಆಮೇಲೆ ಇವತ್ತು ಎಷ್ಟು ಅಕ್ಷರ ಬರೆದೆ ಅಂತ ಎಣಿಸಲು ಒಂದು ಸ್ಕ್ರಿಪ್ಟ್. ಅದಕ್ಕೆ ಗ್ರಾಫ್ ಇದ್ದರೆ ಚೆನ್ನ ಅಲ್ವಾ? ಗ್ರಾಫ್ ಬರುತ್ತದೆ. ಗ್ರಾಫ್‌ನಲ್ಲಿ ತೋರಿಸಲು ಅಕ್ಷರಗಳೇ ಇಲ್ಲ.

ಗೇಮ್ ಪಾಡೂ ಇದೇ. ಎಂಜಿನ್ ಇದೆ, ಮ್ಯಾಪ್ ಎಡಿಟರ್ ಇದೆ, ಸೇವ್ ಫೈಲ್‌ಗೆ ವರ್ಷನ್ ನಂಬರ್ ಕೂಡ ಇದೆ. ಆಡಲು ಒಂದು ಲೆವೆಲ್ ಇಲ್ಲ.

ಗೆಳೆಯರನ್ನು ನೋಡಿದರೂ ಹಾಗೇ. ಚಿತ್ರ ಬಿಡಿಸುವವನು ಬ್ರಷ್ ಪ್ಲಗಿನ್ ಬರೆಯುತ್ತಿದ್ದಾನೆ, ಹಾಡು ಕಟ್ಟುವವಳು ಮಿಡಿ ಫೈಲ್ ಜೋಡಿಸುವ ಟೂಲ್ ಮಾಡುತ್ತಿದ್ದಾಳೆ. ಸೋಮಾರಿತನ ಅಂದರೆ ಒಪ್ಪುವುದಿಲ್ಲ, ಇವರೆಲ್ಲ ಸರಿರಾತ್ರಿವರೆಗೆ ಕೂರುವ ಜನ. ನನ್ನ ಅನುಮಾನ ಇಷ್ಟು: ಏನಾದರೂ ಹೊಸದಾಗಿ ಮಾಡಬೇಕು ಅನ್ನುವ ಹಸಿವನ್ನು ಕೋಡ್ ಅರ್ಧ ತಣಿಸಿಬಿಡುತ್ತದೆ, ಉಳಿದರ್ಧಕ್ಕೆ ಕಥೆ ಹುಟ್ಟಿಸುವಷ್ಟು ಜೋರಿಲ್ಲ. ಎರಡನ್ನೂ ಮಾಡುತ್ತಿರುವವರು ಇದ್ದರೆ ಹೇಗೆ ಅಂತ ಹೇಳಿ. ಕಂಪ್ಯೂಟರ್‌ನಲ್ಲಿ ಏನೇನು ಇಟ್ಟುಕೊಂಡಿದ್ದೀರಿ ಅನ್ನುವುದನ್ನೂ ಹೇಳಿ. "ಶಿಸ್ತು ಬೇಕು" ಅನ್ನುವವರಿಗೆ ಮೊದಲೇ ನಮಸ್ಕಾರ.

ಸೆಮಿಕೋಲನ್:
ನನ್ನ ಬ್ಲಾಗ್‌ಗೆ ನಾನೇ ಬರೆದ ಎಂಜಿನ್ ಇದೆ. ಬ್ಲಾಗ್ ಇಲ್ಲ.

ರಾತ್ರಿಪಾಳಿ:
ಶಿಸ್ತು ಬೇಕು.

ಅರೆಬರೆ:
@ರಾತ್ರಿಪಾಳಿ ನಮಸ್ಕಾರ.

ಹಳೇ_ಕೀಬೋರ್ಡ್:
ಇದು ಹೊಸ ರೋಗ ಅಂದುಕೊಳ್ಳಬೇಡಿ. ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ಅವರ ಕಥೆ ಗೊತ್ತಲ್ವಾ? 1977ರಲ್ಲಿ ತಮ್ಮ "ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್" ಪುಸ್ತಕದ ಎರಡನೇ ಸಂಪುಟದ ಹೊಸ ಮುದ್ರಣದ ಪ್ರೂಫ್ ನೋಡಿದರು. ಗಣಿತದ ಅಕ್ಷರಗಳು ಅವರಿಗೆ ಸ್ವಲ್ಪವೂ ಹಿಡಿಸಲಿಲ್ಲ. ನಾನೇ ಒಂದು ಅಕ್ಷರ ಜೋಡಣೆ ಪ್ರೋಗ್ರಾಮ್ ಬರೆಯುತ್ತೇನೆ ಅಂತ ಕೂತರು. ಬೇಗ ಮುಗಿಸಿ ಪುಸ್ತಕಕ್ಕೆ ವಾಪಸ್ ಬರುವುದು ಲೆಕ್ಕ. ಹೆಚ್ಚುಕಡಿಮೆ ಹತ್ತು ವರ್ಷ ಹಿಡಿಯಿತು. ಅದೇ ಟೆಕ್. ಅದಕ್ಕೆ ಫಾಂಟ್ ಬೇಕಲ್ಲ, ಹಾಗಾಗಿ ಮೆಟಾಫಾಂಟ್ ಕೂಡ ಬಂತು. ಟೆಕ್‌ನ ವರ್ಷನ್ ನಂಬರ್ ಪ್ರತಿ ಸಲ ಪೈ ಬೆಲೆಯ ಕಡೆಗೆ ಒಂದೊಂದು ಅಂಕೆ ಬೆಳೆಯುತ್ತದೆ. 2021ರಲ್ಲಿ ಬಂದದ್ದು 3.141592653. ಇಡೀ ಜಗತ್ತಿನ ಗಣಿತ ಪ್ರಬಂಧಗಳು ಇವತ್ತಿಗೂ ಅದರ ಮೇಲೇ ನಿಂತಿವೆ. ಟೂಲ್ ಮಾಡುವುದು ಅಂದರೆ ತಪ್ಪಿಸಿಕೊಳ್ಳುವುದು ಅಂತ ಯಾರು ಹೇಳಿದ್ದು?

ಶೂನ್ಯ_ಇಂಡೆಕ್ಸ್:
ಸಾರ್, ಅರ್ಧ ಕಥೆ ಹೇಳಿ ಬಿಟ್ಟಿರಿ. ಆ ಪುಸ್ತಕ ಏಳು ಸಂಪುಟ ಆಗಬೇಕಿತ್ತು. ನಾಲ್ಕನೇ ಸಂಪುಟದ ಎರಡನೇ ಭಾಗ ಬಂದದ್ದು 2022ರಲ್ಲಿ. ಐದರ ಗತಿ?

ಹಳೇ_ಕೀಬೋರ್ಡ್:
ಅದಕ್ಕೆ ಟೆಕ್ ಒಂದೇ ಕಾರಣ ಅಲ್ಲ ಮಾರಾಯ್ರೆ. ಆ ವಿಷಯವೇ ವರ್ಷ ವರ್ಷ ಬೆಳೆಯುತ್ತಿದೆ.

ಶೂನ್ಯ_ಇಂಡೆಕ್ಸ್:
ಬೆಳೆಯುತ್ತೆ, ಒಪ್ಪಿದೆ. ಆದರೆ ಉದಾಹರಣೆ ಬೇಕಿದ್ದರೆ ಲಿನಕ್ಸ್ ಶುರು ಮಾಡಿದ ಲೈನಸ್ ಟೊರ್ವಾಲ್ಡ್ಸ್ ತೆಗೆದುಕೊಳ್ಳಿ. 2005ರಲ್ಲಿ ಲಿನಕ್ಸ್ ಕರ್ನಲ್‌ಗೆ (ಅದರ ತಿರುಳಿನ ಕೋಡ್‌ಗೆ) ಬಳಸುತ್ತಿದ್ದ, ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಬಿಟ್‌ಕೀಪರ್ ಎಂಬ ಟೂಲ್‌ನ ಉಚಿತ ಬಳಕೆ ನಿಂತುಹೋಯಿತು. ಆ ವರ್ಷ ಏಪ್ರಿಲ್ ಮೊದಲ ವಾರದಲ್ಲಿ ಅದರ ಬದಲಿಗೆ ಗಿಟ್ ಬರೆಯಲು ಶುರು ಮಾಡಿದರು, ಕೆಲವೇ ದಿನಗಳಲ್ಲಿ ಗಿಟ್‌ನ ಕೋಡನ್ನು ಗಿಟ್ಟೇ ನೋಡಿಕೊಳ್ಳುವ ಹಾಗಾಯಿತು. ಜುಲೈನಲ್ಲಿ ಜುನಿಯೋ ಹಮಾನೋ ಎಂಬ ಇನ್ನೊಬ್ಬ ಪ್ರೋಗ್ರಾಮರ್ ಕೈಗೆ ಕೊಟ್ಟು ಇವರು ಕರ್ನಲ್‌ಗೆ ವಾಪಸ್. ಮುಖ್ಯವಾದ ಮಾತು ಇದು: *ಕೊಟ್ಟರು*. ನಮ್ಮ ಅರೆಬರೆಯವರು ಅಕ್ಷರ ಎಣಿಸುವ ಸ್ಕ್ರಿಪ್ಟನ್ನು ಯಾರ ಕೈಗೂ ಕೊಡುವುದಿಲ್ಲ, ಅದಕ್ಕೆ ಹೊಸ ಫೀಚರ್ ಹಾಕುತ್ತಲೇ ಇರುತ್ತಾರೆ.

ಸೆಮಿಕೋಲನ್:
ಲೈನಸ್ ಜೊತೆ ನಮ್ಮನ್ನು ಹೋಲಿಸಬೇಡಿ ದಯವಿಟ್ಟು, ಊಟ ಸೇರಲ್ಲ.

ಗೀಚುಗೀಚು:
ನಾನು ಹಗಲು ಫ್ರಂಟ್‌ಎಂಡ್, ಉಳಿದ ಹೊತ್ತು ಕಾಮಿಕ್ಸ್ ಬರೆಯುತ್ತೇನೆ. ಬರೆದು ಮುಗಿಸಿದವೂ ಇವೆ, ಹಾಗಾಗಿ ಸ್ವಲ್ಪ ಧೈರ್ಯವಾಗಿ ಹೇಳುತ್ತೇನೆ. ಹಸಿವಿನ ಮಾತು ನನಗೆ ಸರಿ ಕಾಣುವುದಿಲ್ಲ. ವ್ಯತ್ಯಾಸ ಇರುವುದು ಉತ್ತರ ಸಿಗುವುದರಲ್ಲಿ.

ಕೋಡ್ ಬರೆದರೆ ಕ್ಷಣದಲ್ಲಿ ಉತ್ತರ. ಕಂಪೈಲ್ ಆಯಿತು, ಇಲ್ಲವಾ ಆಗಲಿಲ್ಲ. ಟೆಸ್ಟ್ ಸೋತರೆ ಕೆಂಪು, ಗೆದ್ದರೆ ಹಸಿರು. ತಪ್ಪಿದ್ದರೆ ಯಾವ ಸಾಲಿನಲ್ಲಿ ಅಂತ ಹೇಳುತ್ತದೆ. ನಮ್ಮ ಕೆಲಸದಲ್ಲಿ ದಿನವಿಡೀ ಇದೇ ಅಭ್ಯಾಸ. ಆಮೇಲೆ ಕಥೆ ತೆರೆಯುತ್ತೇವೆ. ನಾಲ್ಕನೇ ಪ್ಯಾರಾ ಸತ್ತಿದೆ. ಯಾವ ಎರರ್ ಮೆಸೇಜೂ ಬರುವುದಿಲ್ಲ. ಸಾಲು ನಂಬರ್ ಇಲ್ಲ. ಒಂದು ಪಾತ್ರ ಸುಳ್ಳು ಅನ್ನಿಸುತ್ತಿದೆ, ಆದರೆ ಎಲ್ಲಿಂದ ಸುಳ್ಳಾಯಿತು ಅಂತ ಹುಡುಕಲು ಡಿಬಗರ್ ಇಲ್ಲ. ಆಗ ಕೈ ತಾನಾಗಿಯೇ ಉತ್ತರ ಸಿಗುವ ಕಡೆ ಹೋಗುತ್ತದೆ. ಫಾಂಟ್ ಬದಲಿಸಿದರೆ ಕೂಡಲೇ ಕಾಣುತ್ತದೆ, ಸ್ಕ್ರಿಪ್ಟ್ ಬರೆದರೆ ಕೂಡಲೇ ಓಡುತ್ತದೆ. ಅದಕ್ಕೇ ಟೂಲ್ ಹುಟ್ಟುವುದು. ಸುಸ್ತಿನಿಂದ ಅಲ್ಲ, ಅನುಮಾನ ತಡೆದುಕೊಳ್ಳಲು ಆಗದೆ.

ನಾನು ಕಂಡುಕೊಂಡದ್ದು ಇಷ್ಟೇ: ಬರೆದ ಪುಟವನ್ನು ಅವತ್ತೇ ಒಬ್ಬರಿಗೆ ಕಳಿಸುತ್ತೇನೆ. ವಿಮರ್ಶೆ ಬೇಡ ಅಂತ ಮೊದಲೇ ಹೇಳಿರುತ್ತೇನೆ. ಎಲ್ಲಿ ಓದುವುದು ನಿಲ್ಲಿಸಿದೆ ಅಂತ ಮಾತ್ರ ಹೇಳು. ಅದೇ ನನ್ನ ಎರರ್ ಮೆಸೇಜ್.

ಅರೆಬರೆ:
ಗೀಚುಗೀಚು ಮೇಡಂ, "ಎಲ್ಲಿ ನಿಲ್ಲಿಸಿದೆ" ಅನ್ನುವ ಪ್ರಶ್ನೆ ಬಹಳ ಚೆನ್ನಾಗಿದೆ. ಹಸಿವಿನ ವಾದವನ್ನು ಪೂರ್ತಿ ಬಿಡುವುದಿಲ್ಲ, ಆದರೆ ನಿಮ್ಮದು ಜಾಸ್ತಿ ಸರಿ ಅನ್ನಿಸುತ್ತಿದೆ.

ಮೂಲೆಮನೆ:
ನಾನು ಒಪ್ಪಲ್ಲ. ಅರ್ಧ ಬೆಂದದ್ದನ್ನು ತೋರಿಸಿದರೆ ಬರೆಯುವ ಆಸೆಯೇ ಹೋಗುತ್ತದೆ. ಓದಿದವರು "ಚೆನ್ನಾಗಿದೆ" ಅಂದರೂ ಹೋಗುತ್ತದೆ, ಸುಮ್ಮನಿದ್ದರೂ ಹೋಗುತ್ತದೆ. ಮೊದಲ ಕರಡು ಮುಗಿಯುವ ತನಕ ಯಾರಿಗೂ ತೋರಿಸಬಾರದು.

ಗೀಚುಗೀಚು:
ಅದು ನಿಮ್ಮ ಸ್ವಭಾವ ಇರಬಹುದು. ಮೊದಲ ಕರಡು ಮುಗಿಯುವುದೇ ಇಲ್ಲ ಅನ್ನುವವರಿಗೆ ಈ ಸಲಹೆ ಏನು ಕೆಲಸಕ್ಕೆ ಬರುತ್ತದೆ ಹೇಳಿ?

ಲೂಪ್‌ಲೋಕ:
ಒಂದು ನಿಮಿಷ. ಎಲ್ಲರೂ ಕೋಡ್ ಬೇರೆ, ಸೃಜನಶೀಲ ಕೆಲಸ ಬೇರೆ ಅಂತ ಹೊರಟಿದ್ದೀರಿ. ಕೋಡ್ ಬರೆಯುವುದೇ ಸೃಜನಶೀಲ ಕೆಲಸ ಅಲ್ವಾ? ಕ್ನೂತ್ 1974ರಲ್ಲಿ ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯ ಭಾಷಣ ಮಾಡಿದ್ದೇ ಪ್ರೋಗ್ರಾಮಿಂಗ್ ಒಂದು ಕಲೆ ಅನ್ನುವ ವಿಷಯದ ಮೇಲೆ. ಕ್ವೇಕ್ 3 ಗೇಮ್‌ನಲ್ಲಿ ಜಾನ್ ಕಾರ್ಮ್ಯಾಕ್ ಬರೆದ ವರ್ಗಮೂಲದ ವಿಲೋಮದ ಕೋಡ್ ನೋಡಿ. ದಶಾಂಶ ಸಂಖ್ಯೆಯ ಬಿಟ್‌ಗಳನ್ನು ಪೂರ್ಣಾಂಕ ಅಂತ ಓದಿ, ಒಂದು ಬಿಟ್ ಬಲಕ್ಕೆ ಸರಿಸಿ, ಎಲ್ಲಿಂದಲೋ ಬಂದ ಒಂದು ಸಂಖ್ಯೆಯಿಂದ ಕಳೆಯುವುದು. ಉತ್ತರ ಹತ್ತಿರ ಹತ್ತಿರ ಸರಿ! ಇದು ಕಲೆ ಅಲ್ಲದೆ ಇನ್ನೇನು?

ಶೂನ್ಯ_ಇಂಡೆಕ್ಸ್:
ಅದು ಕಾರ್ಮ್ಯಾಕ್ ಬರೆದದ್ದಲ್ಲ. ಕೋಡ್ ಬಹಿರಂಗ ಆದದ್ದು 2005ರಲ್ಲಿ. ಜನ ಬೆನ್ನುಹತ್ತಿ ಕೇಳಿದಾಗ ಅವರೇ ತಮ್ಮದಲ್ಲ ಅಂದರು. ಜಾಡು ಹಿಡಿದು ಹೋದವರು ತಲುಪಿದ್ದು 1980ರ ದಶಕದ ಗ್ರೆಗ್ ವಾಲ್ಶ್ ಎಂಬ ಪ್ರೋಗ್ರಾಮರ್ ತನಕ. ಕ್ವೇಕ್ ಕೋಡ್‌ನಲ್ಲಿ ಆ ಸಾಲಿನ ಪಕ್ಕ ಇರುವ ಕಾಮೆಂಟ್ ಒಂದು ಬೈಗುಳ. ಅಲ್ಲಿದ್ದವರಿಗೂ ಅದು ಅರ್ಥ ಆಗಿರಲಿಲ್ಲ ಅಂತ ಕಾಣುತ್ತೆ.

ಲೂಪ್‌ಲೋಕ:
ಸರಿ, ವಾಲ್ಶ್. ನನ್ನ ಮಾತು ಬದಲಾಗುವುದಿಲ್ಲ.

ರಾತ್ರಿಪಾಳಿ:
ಗುರು, ದಿನಾ ನಾವು ಬರೆಯುವುದು ಅದಾ? ಒಂದು ಫಾರ್ಮ್, ಒಂದು ಟೇಬಲ್, ಒಂದು "ಸೇವ್" ಬಟನ್. ಅದು ಕೆಲಸ ಮಾಡದಿದ್ದರೆ ಸಿಟ್ಟಾಗುವ ಮ್ಯಾನೇಜರ್. ಇದರಲ್ಲಿ ಕಲೆ ಹುಡುಕಬೇಡಿ, ಸಂಬಳ ಹುಡುಕಿ.

ಲೂಪ್‌ಲೋಕ:
ಗೊಂದಲದ ಒಂದು ಫೈಲನ್ನು ಮುಂದಿನವನಿಗೆ ಓದಲು ಬರುವ ಹಾಗೆ ಮಾಡುವುದರಲ್ಲೂ ಇದೆ. ಬೇಡ ಅನ್ನುವವರಿಗೆ ನಾನೇನು ಮಾಡಲಿ.

ಪಿಕ್ಸೆಲ್‌ಪುಟ್ಟ:
ಗೇಮ್ ಬಗ್ಗೆ ಹೇಳುತ್ತೇನೆ, ಯಾಕಂದರೆ ಆ ಪ್ರಶ್ನೆಯನ್ನು ಎಲ್ಲರೂ ಬಿಟ್ಟಿದ್ದಾರೆ. ಎಂಜಿನ್ ಬರೆಯಬೇಡಿ. ಅದಕ್ಕಿಂತ ಮುಖ್ಯವಾಗಿ, ದೊಡ್ಡ ಎಂಜಿನ್ ಕೂಡ ತೆಗೆದುಕೊಳ್ಳಬೇಡಿ. ಪಿಕೊ-8 ತೆಗೆದುಕೊಳ್ಳಿ, ಸಣ್ಣ ಗೇಮ್ ಮಾಡಲು, ಆಡಲು ಇರುವ ಸಾಫ್ಟ್‌ವೇರ್ ಅದು. ಪರದೆ 128 ಪಿಕ್ಸೆಲ್ ಅಡ್ಡ, 128 ಉದ್ದ. ಬಣ್ಣ 16. ಕೋಡ್‌ಗೆ 8192 ಟೋಕನ್ (ಹೆಸರು, ಚಿಹ್ನೆಗಳಂಥ ಕೋಡ್‌ನ ತುಣುಕು) ಮಿತಿ. ಚಿತ್ರ, ಸದ್ದು, ಮ್ಯಾಪ್ ಎಲ್ಲದರ ಎಡಿಟರ್ ಅದರೊಳಗೇ ಇದೆ, ಹಾಗಾಗಿ ಹೊಸದೊಂದು ಮಾಡುವ ನೆಪ ಉಳಿಯುವುದಿಲ್ಲ. ಸೆಲೆಸ್ಟ್ ಗೇಮ್ ಮೊದಲು ಹುಟ್ಟಿದ್ದು ಅದರಲ್ಲೇ, ಇಬ್ಬರು ಸೇರಿ ನಾಲ್ಕು ದಿನದಲ್ಲಿ ಮಾಡಿದ್ದು. ದೊಡ್ಡ ಗೇಮ್ ಬಂದದ್ದು ಆಮೇಲೆ, 2018ರಲ್ಲಿ.

ಪುಟ್ಟ ಪ್ರೋಗ್ರಾಮ್‌ನಿಂದಲೇ ಚಿತ್ರ, ಸಂಗೀತ ಹುಟ್ಟಿಸುವ ಡೆಮೊಸೀನ್ ಜನರನ್ನೂ ನೋಡಿ. 64 ಕಿಲೋಬೈಟ್ ಒಳಗೆ ಸಂಗೀತ, ಚಿತ್ರ, ಚಲನೆ ಎಲ್ಲ. 4 ಕಿಲೋಬೈಟ್‌ನಲ್ಲೂ ಮಾಡುತ್ತಾರೆ. 2020ರಲ್ಲಿ ಫಿನ್ಲೆಂಡ್ ಇದನ್ನು ತನ್ನ ಜೀವಂತ ಪರಂಪರೆಯ ಪಟ್ಟಿಗೆ ಸೇರಿಸಿತು. ಬೇಲಿ ಇದ್ದರೆ ಕೆಲಸ ಮುಗಿಯುತ್ತದೆ.

ಮೂಲೆಮನೆ:
ಅಲ್ಲೂ ಟೂಲ್ ಇಲ್ಲ ಅಂದುಕೊಂಡಿರಾ? 64 ಕಿಲೋಬೈಟ್‌ಗೆ ಇಳಿಸಲು ಅವರು ಕೋಡ್ ಕುಗ್ಗಿಸುವ ತಮ್ಮದೇ ಪ್ಯಾಕರ್, ಸದ್ದು ಹುಟ್ಟಿಸುವ ತಮ್ಮದೇ ಸಿಂಥ್ ಬರೆದುಕೊಳ್ಳುತ್ತಾರೆ. ಅದಕ್ಕೇ ವರ್ಷಗಟ್ಟಲೆ.

ಪಿಕ್ಸೆಲ್‌ಪುಟ್ಟ:
ನಿಜ. ಆದರೆ ಅವರೆಲ್ಲ ಸೇರಿ ಡೆಮೊ ತೋರಿಸುವ ಪಾರ್ಟಿ ದಿನ ಅಂತ ಒಂದಿದೆ, ಅವತ್ತು ದೊಡ್ಡ ಪರದೆ ಮೇಲೆ ಓಡಲೇಬೇಕು. ನಮ್ಮ ಸಂಜೆ ಪ್ರಾಜೆಕ್ಟ್‌ಗೆ ಅಂಥ ದಿನ ಇಲ್ಲ. ಲೂಡುಮ್ ಡೇರ್ ತರಹದ ಗೇಮ್ ಜ್ಯಾಮ್‌ಗೆ (ಗಡುವಿನೊಳಗೆ ಗೇಮ್ ಮಾಡುವ ಸ್ಪರ್ಧೆಗೆ) ಹೆಸರು ಕೊಡಿ, 48 ಗಂಟೆ, ಮುಗಿಯಿತು.

ಎರಡು_ಮಕ್ಕಳ_ತಾಯಿ:
48 ಗಂಟೆ ಅಂತೆ! ನನಗೆ ಒಟ್ಟಿಗೆ 48 ನಿಮಿಷ ಸಿಕ್ಕರೆ ಹೇಳಿಕಳಿಸುತ್ತೇನೆ. ಇಲ್ಲಿ ಎಲ್ಲರೂ ಇಡೀ ಸಂಜೆ ಖಾಲಿ ಇರುವ ಹಾಗೆ ಮಾತಾಡುತ್ತೀರಿ. ನಾನು ಮಾಡುವುದು ಒಂದೇ: ಎದ್ದು ಹೋಗುವಾಗ ವಾಕ್ಯವನ್ನು ಅರ್ಧಕ್ಕೆ ಬಿಡುತ್ತೇನೆ, ಕೋಡ್ ಆದರೆ ಬೇಕಂತಲೇ ಒಂದು ಟೆಸ್ಟ್ ಕೆಂಪಾಗಿ ಬಿಡುತ್ತೇನೆ. ಮತ್ತೆ ಕೂತಾಗ ಎಲ್ಲಿಂದ ಶುರು ಅಂತ ಹುಡುಕಬೇಕಾಗಿಲ್ಲ.

ಗೀಚುಗೀಚು:
ಕೆಂಪು ಟೆಸ್ಟ್ ಬಿಟ್ಟು ಹೋಗುವುದು ಸೂಪರ್ ಅಕ್ಕಾ. ನಾಳೆಯಿಂದಲೇ.

ಸೆಮಿಕೋಲನ್:
ಎಲ್ಲರ ಕೋಡ್ ಸೇರುವ ಮೇನ್ ಬ್ರಾಂಚ್‌ನಲ್ಲಿ ಬಿಡಬೇಡಿ ಅಷ್ಟೆ.

ಕಪ್ಪುಪರದೆ:
ಕಂಪ್ಯೂಟರ್‌ನಲ್ಲಿ ಏನಿಟ್ಟುಕೊಂಡಿದ್ದೀರಿ ಅಂತ ಕೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ನನ್ನದು ಬರೀ ಟೆಕ್ಸ್ಟ್ ಫೈಲ್, ಮಾರ್ಕ್‌ಡೌನ್ (ಸರಳ ಚಿಹ್ನೆಗಳಿಂದ ಶೀರ್ಷಿಕೆ, ಪ್ಯಾರಾ ಗುರುತಿಸುವ ರೀತಿ), ಗಿಟ್. ಕಥೆಗೆ ಗಿಟ್ ಬಳಸುವವರು ಒಂದು ವಿಷಯ ತಿಳಿದಿರಬೇಕು. ಗಿಟ್ ಬದಲಾವಣೆ ತೋರಿಸುವುದು ಸಾಲಿನ ಲೆಕ್ಕದಲ್ಲಿ. ನೀವು ಒಂದು ಪ್ಯಾರಾವನ್ನು ಒಂದೇ ಉದ್ದ ಸಾಲಾಗಿ ಬರೆದಿದ್ದರೆ, ಒಂದು ಕಾಮಾ ಬದಲಿಸಿದರೂ ಇಡೀ ಪ್ಯಾರಾ ಬದಲಾದ ಹಾಗೆ ತೋರಿಸುತ್ತದೆ. ಹಾಗಾಗಿ ಒಂದು ವಾಕ್ಯಕ್ಕೆ ಒಂದು ಸಾಲು. ಮಾರ್ಕ್‌ಡೌನ್ ಸಾಮಾನ್ಯವಾಗಿ ಅವನ್ನು ಒಂದೇ ಪ್ಯಾರಾ ಮಾಡಿಕೊಳ್ಳುತ್ತದೆ, ಖಾಲಿ ಸಾಲು ಬಿಟ್ಟರೆ ಮಾತ್ರ ಹೊಸ ಪ್ಯಾರಾ. ಇದರ ಲಾಭ ಇನ್ನೊಂದು: ಎಲ್ಲ ವಾಕ್ಯವೂ ಒಂದೇ ಉದ್ದ ಇದ್ದರೆ ಕಣ್ಣಿಗೇ ಕಾಣುತ್ತದೆ. ಹಳೆಯ ಫೈಲ್ ಹಾಗೇ ಇದ್ದರೆ ಗಿಟ್ ಡಿಫ್‌ಗೆ ವರ್ಡ್-ಡಿಫ್ ಆಯ್ಕೆ ಕೊಡಿ, ಪದದ ಲೆಕ್ಕದಲ್ಲಿ ತೋರಿಸುತ್ತದೆ.

ಮೂಲೆಮನೆ:
ಕಥೆಗೆ ಗಿಟ್! ಅರೆಬರೆಯವರ ಸಮಸ್ಯೆಗೆ ಇನ್ನೊಂದು ಟೂಲ್ ಸೇರಿಸಿದಿರಿ. ಬರೆಯುವವರಿಗೆ ಏನೂ ಬೇಡ. "ಗೇಮ್ ಆಫ್ ಥ್ರೋನ್ಸ್" ಬರೆದ ಜಾರ್ಜ್ ಆರ್. ಆರ್. ಮಾರ್ಟಿನ್ ಇಂಟರ್ನೆಟ್ ಇಲ್ಲದ ಹಳೇ ಡಾಸ್ ಕಂಪ್ಯೂಟರ್‌ನಲ್ಲಿ ವರ್ಡ್‌ಸ್ಟಾರ್ 4.0 ಎಂಬ ಹಳೇ ಬರವಣಿಗೆ ಸಾಫ್ಟ್‌ವೇರ್ ಇಟ್ಟುಕೊಂಡು ಬರೆಯುತ್ತೇನೆ ಅಂತ 2014ರಲ್ಲಿ ಟಿವಿಯಲ್ಲೇ ಹೇಳಿದ್ದಾರೆ.

ಶೂನ್ಯ_ಇಂಡೆಕ್ಸ್:
ಅವರ ಮುಂದಿನ ಪುಸ್ತಕಕ್ಕೆ ಜನ ಎಷ್ಟು ವರ್ಷದಿಂದ ಕಾಯುತ್ತಿದ್ದಾರೆ ಅಂತ ನೋಡಿ ಉದಾಹರಣೆ ಕೊಡಿ ಸಾರ್ 😄

ಕಪ್ಪುಪರದೆ:
ಹಹ್ಹ. ಗಂಭೀರವಾಗಿ ಹೇಳುವುದಾದರೆ, ಗಿಟ್ ಬೇಡದಿದ್ದರೆ ಬೇಡ, ಬ್ಯಾಕಪ್ ಬೇಕೇ ಬೇಕು. ಟಾಯ್ ಸ್ಟೋರಿ 2 ಅನಿಮೇಷನ್ ಚಿತ್ರ ಮಾಡುವಾಗ ಪಿಕ್ಸಾರ್ ಸ್ಟುಡಿಯೋದಲ್ಲಿ ಯಾರೋ ಅಳಿಸುವ ಕಮಾಂಡ್ ಓಡಿಸಿ ಚಿತ್ರದ ಬಹುಪಾಲು ಫೈಲ್‌ಗಳೇ ಹೋದವು. ಬ್ಯಾಕಪ್ ತೆಗೆದು ನೋಡಿದರೆ ಅದು ಸರಿಯಾಗಿ ಆಗಿರಲೇ ಇಲ್ಲ. ತಾಂತ್ರಿಕ ಮೇಲ್ವಿಚಾರಕಿ ಗ್ಯಾಲಿನ್ ಸುಸ್ಮನ್ ಮಗು ಆದ ಮೇಲೆ ಮನೆಯಿಂದ ಕೆಲಸ ಮಾಡುತ್ತಿದ್ದರು, ಅವರ ಮನೆಯ ಕಂಪ್ಯೂಟರ್‌ನಲ್ಲಿ ಒಂದು ಪ್ರತಿ ಇತ್ತು. ಅದೇ ಉಳಿಸಿದ್ದು. ಬ್ಯಾಕಪ್ ಇದೆ ಅನ್ನುವುದು ಸಾಲದು, ಅದರಿಂದ ಒಂದು ಫೈಲ್ ವಾಪಸ್ ತೆಗೆದು ನೋಡಬೇಕು.

ಹೊಸಬ_7:
ನನ್ನದೆಲ್ಲ ಕ್ಲೌಡ್‌ಗೆ ಸಿಂಕ್ ಆಗುತ್ತದೆ, ಅಷ್ಟು ಸಾಕಲ್ವಾ?

ಕಪ್ಪುಪರದೆ:
ಸಾಲದು. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ, ಅದೇ ಸಿಂಕ್‌ನ ಕೆಲಸ. ಕೆಲವು ದಿನ ಹಳೆಯ ಪ್ರತಿ ಇಟ್ಟುಕೊಂಡಿರುತ್ತಾರೆ, ಅದನ್ನು ನಂಬಿ ಕೂರಬೇಡಿ. ಫೋಟೋಗ್ರಾಫರ್ ಪೀಟರ್ ಕ್ರೋ ಹೇಳಿದ 3-2-1 ಲೆಕ್ಕ ಸುಲಭ. ಒಟ್ಟು 3 ಪ್ರತಿ, 2 ಬಗೆಯ ಸಾಧನದಲ್ಲಿ, ಅದರಲ್ಲಿ 1 ಬೇರೆ ಜಾಗದಲ್ಲಿ.

ರಾತ್ರಿಪಾಳಿ:
ಗಿಟ್ ಇದ್ದವರಿಗೆ ರೆಫ್‌ಲಾಗ್ ಇದೆ, ನೀವು ಹಿಂದೆ ಎಲ್ಲೆಲ್ಲಿ ಇದ್ದಿರಿ ಅನ್ನುವ ದಾಖಲೆ. ಬ್ರಾಂಚ್ ಅಳಿಸಿದರೂ, ಹಾರ್ಡ್ ರೀಸೆಟ್ ಮಾಡಿ ಹಿಂದಕ್ಕೆ ಹೋದರೂ ಹಳೆಯ ಕಮಿಟ್ (ಗಿಟ್‌ನಲ್ಲಿ ಉಳಿಸಿದ ಹಂತ) ಸಿಗುತ್ತದೆ. ಎಲ್ಲಿಂದಲೂ ತಲುಪಲು ಆಗದ ಕಮಿಟ್‌ಗಳ ಗುರುತು ಕೂಡ ಮಾಮೂಲಿಯಾಗಿ 30 ದಿನ ಇರುತ್ತದೆ. ಕಮಿಟ್ ಮಾಡದೇ ಇದ್ದರೆ ಮಾತ್ರ ಹೋಯ್ತು, ಮರೆತುಬಿಡಿ.

ಶೂನ್ಯ_ಇಂಡೆಕ್ಸ್:
ಪೂರ್ತಿ ಹೋಗಲ್ಲ. ಕಮಿಟ್‌ಗೆ ಮುಂಚಿನ ಹೆಜ್ಜೆಯಾದ ಗಿಟ್ ಆ್ಯಡ್ ಮಾಡಿದ್ದರೆ ಆ ಹೊತ್ತಿನ ಫೈಲ್ ಗಿಟ್‌ನ ಉಗ್ರಾಣದಲ್ಲಿ ಕೂತಿರುತ್ತದೆ. ಗಿಟ್ ಎಫ್‌ಎಸ್‌ಸಿಕೆ (fsck) ಕಮಾಂಡ್‌ಗೆ ಲಾಸ್ಟ್-ಫೌಂಡ್ ಆಯ್ಕೆ ಕೊಟ್ಟರೆ ಹೊರಗೆ ಬರುತ್ತದೆ. ಹೆಸರು ಇರುವುದಿಲ್ಲ, ಒಳಗಿನದು ಇರುತ್ತದೆ. ಒಂದೊಂದೇ ತೆರೆದು ನೋಡಬೇಕು.

ರಾತ್ರಿಪಾಳಿ:
ಇದು ಗೊತ್ತಿರಲಿಲ್ಲ ಗುರು. ಥ್ಯಾಂಕ್ಸ್.

ಹೊಸಬ_7:
ನನಗೆ ಗೊತ್ತಿರುವುದು ಸಣ್ಣವು, ಹೇಳಲಾ? ಬ್ರೌಸರ್‌ನಲ್ಲಿ ಮುಚ್ಚಿಹೋದ ಟ್ಯಾಬ್‌ಗೆ ಕಂಟ್ರೋಲ್+ಶಿಫ್ಟ್+ಟಿ. ವಿಂಡೋಸ್‌ನಲ್ಲಿ ವಿಂಡೋಸ್ ಕೀ+ವಿ ಒತ್ತಿದರೆ ಹಿಂದೆ ಕಾಪಿ ಮಾಡಿದ್ದೆಲ್ಲ ಪಟ್ಟಿಯಾಗಿ ಬರುತ್ತದೆ, 25ರ ತನಕ. ಮೊದಲ ಸಲ ಆನ್ ಮಾಡಬೇಕು. ಪ್ಯಾರಾಗಳನ್ನು ಅತ್ತಿತ್ತ ಸಾಗಿಸುವಾಗ ಬಹಳ ಉಪಯೋಗ.

ಹಳೇ_ಕೀಬೋರ್ಡ್:
ಪಾಸ್‌ವರ್ಡ್ ಕಾಪಿ ಮಾಡಿದರೂ ಆ ಪಟ್ಟಿಯಲ್ಲಿ ಕೂರಬಹುದು, ನೋಡಿಕೊಳ್ಳಿ.

ಲೂಪ್‌ಲೋಕ:
ಈಗಿನ ಕಾಲದ ಪ್ರಶ್ನೆ ಯಾರೂ ಎತ್ತಲಿಲ್ಲ. ಕೋಡನ್ನು ಎಐ ಬರೆಯುತ್ತದೆ. ಹಾಗಾದರೆ ಸಂಜೆಗೆ ತಲೆ ಉಳಿಯಬೇಕಲ್ವಾ? ಕಥೆ ಬರೆಯಬಹುದಲ್ಲ?

ಗೀಚುಗೀಚು:
ಉಲ್ಟಾ ಆಗಿದೆ. ಮೊದಲು ಬೇಡದ ಟೂಲ್ ಮಾಡಲು ವಾರಗಟ್ಟಲೆ ಬೇಕಿತ್ತು, ಅದರಿಂದ ಸ್ವಲ್ಪ ಹೆದರಿಕೆ ಇತ್ತು. ಈಗ ಒಂದು ಸಂಜೆಯಲ್ಲಿ ಎರಡು ಬೇಡದ ಟೂಲ್ ಆಗುತ್ತವೆ. ಇನ್ನು, ಎಐ ಬರೆದ ಕೋಡನ್ನು ಓದಿ ಓದಿ ಹಗಲೇ ಕಣ್ಣು ಸೋತಿರುತ್ತದೆ. ಬರೆಯುವ ಖುಷಿ ಹೋಯಿತು, ಪರೀಕ್ಷೆ ಪೇಪರ್ ತಿದ್ದುವ ಕೆಲಸ ಉಳಿಯಿತು.

ರಾತ್ರಿಪಾಳಿ:
ಫಾರ್ಮ್, ಟೇಬಲ್, ಸೇವ್ ಬಟನ್ ಅದಕ್ಕೇ ಕೊಟ್ಟೆ. ನನಗೇನೂ ಬೇಜಾರಿಲ್ಲ.

ಮೂಲೆಮನೆ:
ಕಥೆಯನ್ನೂ ಅದಕ್ಕೇ ಕೊಟ್ಟುಬಿಡಿ ಹಾಗಾದರೆ, ನೀವು ಮಲಗಿ.

ರಾತ್ರಿಪಾಳಿ:
ನಾನು ಕಥೆ ಬರೆಯುವವನಲ್ಲವಲ್ಲ. ಓದುವವನು. ಓದುವುದನ್ನು ಅದಕ್ಕೆ ಕೊಡಲ್ಲ.

ಅರೆಬರೆ:
ನಡುವೆ ಬರುತ್ತಿದ್ದೇನೆ. ಗೀಚುಗೀಚು ಅವರು ಹೇಳಿದ ಹಾಗೆ ಒಂದು ಪುಟ ತಂಗಿಗೆ ಕಳಿಸಿದೆ. ಎರಡನೇ ಪ್ಯಾರಾದಲ್ಲಿ ನಿಲ್ಲಿಸಿದಳಂತೆ. ಹವಾಮಾನದ ವರ್ಣನೆ. ತೆಗೆದೆ. ಎಂಜಿನ್ ಮಾತ್ರ ಬಿಸಾಡಲು ಮನಸ್ಸಿಲ್ಲ, ಪಿಕ್ಸೆಲ್‌ಪುಟ್ಟ ಬೈಯಬೇಡಿ. ಅದನ್ನು ಯಾರಾದರೂ ಮುಂದುವರಿಸುತ್ತೇನೆ ಅಂದರೆ ಕೊಟ್ಟುಬಿಡುತ್ತೇನೆ.

ಪಿಕ್ಸೆಲ್‌ಪುಟ್ಟ:
ನನ್ನ ಹತ್ತಿರವೇ ಮೂರಿವೆ, ಬೇಡ.

ಕಪ್ಪುಪರದೆ:
@ಅರೆಬರೆ ನಿಮ್ಮ ಅಕ್ಷರ ಎಣಿಸುವ ಸ್ಕ್ರಿಪ್ಟ್ ಪೈಥಾನ್‌ನದಾ? ಉದ್ದ ಹೇಳುವ ಲೆನ್ (len) ಹಾಕಿ ಎಣಿಸಿದ್ದರೆ ಲೆಕ್ಕ ತಪ್ಪಿದೆ. "ಕ್ಷ" ಕಣ್ಣಿಗೆ ಒಂದು ಅಕ್ಷರ. ಒಳಗೆ ಕ, ಹಲಂತ ಚಿಹ್ನೆ, ಷ ಅಂತ ಮೂರು, ಹಾಗಾಗಿ ಲೆನ್ 3 ಅನ್ನುತ್ತದೆ. ಫೈಲ್‌ನಲ್ಲಿ ಅಕ್ಷರ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ 9 ಬೈಟ್. ಜಾಗ ಬಿಟ್ಟ ಕಡೆ ಒಡೆದು ಪದ ಎಣಿಸಿ, ಅಕ್ಷರದ ಸಹವಾಸ ಬೇಡ.

ಅರೆಬರೆ:
ಓಹೋ, ಅದಕ್ಕೇ ಗ್ರಾಫ್ ಅಷ್ಟು ಚೆನ್ನಾಗಿ ಏರುತ್ತಿತ್ತು.

ಎರಡು_ಮಕ್ಕಳ_ತಾಯಿ:
ಗಿಟ್ ಬಲ್ಲವರಿಗೆ ಒಂದು ಪ್ರಶ್ನೆ. ಫೈಲ್‌ಗೆ ಕನ್ನಡದಲ್ಲಿ ಹೆಸರಿಟ್ಟರೆ ಗಿಟ್ ಸ್ಟೇಟಸ್‌ನಲ್ಲಿ \340\262\225 ಅಂತ ಏನೇನೋ ಬರುತ್ತದೆ. ಫೈಲ್ ಕೆಟ್ಟಿದೆಯಾ? ಇಂಗ್ಲಿಷ್ ಹೆಸರೇ ಇಡಬೇಕಾ?

ಶೂನ್ಯ_ಇಂಡೆಕ್ಸ್:
ಫೈಲ್ ಸರಿಯಾಗೇ ಇದೆ. ನೀವು ಹಾಕಿರುವುದು "ಕ" ಅಕ್ಷರದ ಮೂರು ಬೈಟ್, ಎಂಟರ ಲೆಕ್ಕದಲ್ಲಿ ಬರೆದದ್ದು. ಗಿಟ್ ಕಾನ್ಫಿಗ್‌ನಲ್ಲಿ ಕೋರ್ ಡಾಟ್ ಕೋಟ್‌ಪಾತ್ ಅಂತ ಇದೆ, ಅದಕ್ಕೆ ಫಾಲ್ಸ್ ಕೊಡಿ. ಗ್ಲೋಬಲ್ ಆಯ್ಕೆ ಸೇರಿಸಿದರೆ ಎಲ್ಲ ಫೋಲ್ಡರ್‌ಗೂ ಅನ್ವಯ. ಟರ್ಮಿನಲ್‌ನಲ್ಲಿ ಒತ್ತಕ್ಷರ ಸ್ವಲ್ಪ ಒಡೆದು ಕಾಣಬಹುದು, ಅದು ಟರ್ಮಿನಲ್‌ನ ಕಥೆ, ಗಿಟ್‌ನದ್ದಲ್ಲ.

ಎರಡು_ಮಕ್ಕಳ_ತಾಯಿ:
ಬಂತು! ಆದರೆ ಇಷ್ಟು ದಿನ ಮುಚ್ಚಿದ್ದೇ ಒಳ್ಳೆಯದಿತ್ತೇನೋ. "ಕೊನೆಯ ಕರಡು", "ಕೊನೆಯ ಕರಡು ಹೊಸದು", "ಕೊನೆಯ ಕರಡು ಇದೇ ನಿಜವಾದದ್ದು" ಎಲ್ಲ ಸಾಲಾಗಿ ನಿಂತಿವೆ.

ಸೆಮಿಕೋಲನ್:
ಗಿಟ್ ಇಟ್ಟುಕೊಂಡೂ ಈ ಹೆಸರಾ ಅಕ್ಕಾ?!